ಕೆಳಗೆ ಬರುವ ತಟ್ಟೆ

ನಮ್ಮ ಊಟದ ಗುಂಪಿನಲ್ಲಿ ಮೆನು ಹಿಡಿಯುವವನು ನಾನು. ಹನ್ನೊಂದು ವರ್ಷದಿಂದ ನಾನೇ. ಕೆಲವರ ವಂಶಕ್ಕೆ ಕತ್ತಿ ಬರುತ್ತದೆ, ಕೆಲವರಿಗೆ ಗದ್ದೆ ಬರುತ್ತದೆ. ನನ್ನ ಕೈಗೆ ಬಂದದ್ದು ಪ್ಲಾಸ್ಟಿಕ್ ಹೊದಿಸಿದ, ಮೂಲೆ ಮುದುಡಿದ, ಯಾರದೋ ಸೂಪು ಒಣಗಿ ಅಂಟಿದ ಒಂದು ಕಾರ್ಡು. ಅದೂ ನನ್ನದಲ್ಲ, ಹೋಟೆಲಿನವರದು. ಆದರೇನು, ಮೆನು ಹೋದರೆ ಮಾನ ಹೋದಂತೆ ಎಂದು ನಂಬಿದ ಮನುಷ್ಯ ನಾನು.

ತಿಂಗಳ ಎರಡನೇ ಭಾನುವಾರ ಮಧ್ಯಾಹ್ನ ನಾವು ನಾಲ್ವರು ಊರಿನ ಯಾವುದಾದರೂ ಹೊಸ ಹೋಟೆಲಿಗೆ ಹೋಗುತ್ತೇವೆ. ಮೇಜಿನ ಮೇಲೆ ಒಂದೇ ಮೆನು ತೆರೆಯಬೇಕು, ಉಳಿದವು ಮುಚ್ಚಿಯೇ ಇರಬೇಕು. ನಾನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಗಟ್ಟಿಯಾಗಿ ಓದುತ್ತೇನೆ. ಸುಮ್ಮನೆ ಓದುವುದಿಲ್ಲ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಎಳೆಯಬೇಕು, 'ಬೆಣ್ಣೆ' ಎಂಬ ಪದಕ್ಕೆ ಎಷ್ಟು ಹೊತ್ತು ನಾಲಗೆ ಕೊಡಬೇಕು, ಎಲ್ಲಕ್ಕೂ ಲೆಕ್ಕವಿದೆ. ಓದಿ ಮುಗಿದ ಮೇಲೆ ಎಲ್ಲರೂ ಹಂಚಿಕೊಂಡು ತಿನ್ನಲು ನಾಲ್ಕು ತಿನಿಸು ಹೇಳಬೇಕು. ಮೂರು ನನ್ನ ಆಯ್ಕೆ. ನಾಲ್ಕನೆಯದಕ್ಕೆ ನಾವಿಟ್ಟ ಹೆಸರು 'ಬಿಟ್ಟ ಸ್ಥಳ'. ಪರೀಕ್ಷೆಯಲ್ಲಿ ಕೊಡುತ್ತಾರಲ್ಲ, ತುಂಬಿರಿ ಅಂತ, ಹಾಗೆ. ಯಾರು ಬೇಕಾದರೂ ತುಂಬಬಹುದು. ಊಟವಾದ ಮೇಲೆ, ನನ್ನನ್ನು ಬಿಟ್ಟು ಉಳಿದ ಮೂವರೂ, ನನ್ನ ಆಯ್ಕೆ ಹಿಡಿಸಿದ್ದರೆ ತಟ್ಟೆಯಲ್ಲಿ ಚಮಚವನ್ನು ಅಂಗಾತ ಇಡಬೇಕು, ಹಿಡಿಸದಿದ್ದರೆ ಬೋರಲು. ಎರಡು ಚಮಚ ಬೋರಲು ಬಿದ್ದರೆ ಮೆನು ಬೇರೆಯವರ ಕೈಗೆ.

ಹನ್ನೊಂದು ವರ್ಷದಲ್ಲಿ ಒಂದೇ ಒಂದು ಚಮಚವೂ ಬೋರಲು ಬಿದ್ದಿರಲಿಲ್ಲ. ಬಿಟ್ಟ ಸ್ಥಳವನ್ನೂ "ನೀವೇ ತುಂಬಿ ಕನ್ನಡಕ" ಎಂದು ನನಗೇ ಬಿಡುತ್ತಿದ್ದರು. ಕನ್ನಡಕ ಅಂದರೆ ನಾನೇ. ಕನ್ನಡಕದ ಅಂಗಡಿ ಇಟ್ಟವನಿಗೆ ಇನ್ನೇನು ಕೂಲಿಂಗ್ ಗ್ಲಾಸ್ ಎನ್ನುತ್ತಾರೆಯೇ? ಉಳಿದವರು ಆಸ್ಪತ್ರೆಯ ನರ್ಸಕ್ಕ, ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ಮತ್ತು ಪುಸ್ತಕ ಹೊಲಿಯುವ ಒಬ್ಬ ಬೈಂಡರು. ಈ ವರ್ಷದ ಆರಂಭದಲ್ಲಿ ಬೈಂಡರು ಮಗಳ ಊರಿಗೆ ಹೊರಟುಹೋದ. ಒಂದು ಕುರ್ಚಿ ಖಾಲಿಯಾಯಿತು.

"ನನ್ನ ತಮ್ಮನ್ನ ಕರ್ಕೊಂಡ್ಹೋಗ್ರೀ," ಎಂದಳು ಹೆಂಡತಿ. "ಪಾಪ, ರೂಮಲ್ಲಿ ಒಬ್ನೇ ಕೂತು ಏನೋ ಬೇಯಿಸ್ಕೊಂಡು ತಿಂತಾನೆ."

ಬೀದೀಲಿ ಹೋಗುತ್ತಿದ್ದ ಮಾರಿಯನ್ನು ಮನೆಗೆ ಕರೆದರು ಎನ್ನುತ್ತಾರಲ್ಲ, ನಾನು ಹಾಗೆ ಮಾಡಲಿಲ್ಲ. ಮಾರಿಯನ್ನು ಅದರ ರೂಮಿನಿಂದ ನಾನೇ ಕೈಹಿಡಿದು ಹೋಟೆಲಿಗೆ ಕರೆದುಕೊಂಡು ಹೋದೆ.

ನನ್ನ ಭಾವಮೈದ ಲಿಫ್ಟು ರಿಪೇರಿ ಮಾಡುತ್ತಾನೆ. ಜನ ಹತ್ತುವ ದೊಡ್ಡ ಲಿಫ್ಟಲ್ಲ, ತಟ್ಟೆ ಲಿಫ್ಟು. ಅಡುಗೆಮನೆ ಒಂದು ಮಹಡಿಯಲ್ಲಿ, ಊಟದ ಕೋಣೆ ಇನ್ನೊಂದರಲ್ಲಿ ಇರುವ ಹೋಟೆಲುಗಳಲ್ಲಿ ಗೋಡೆಯೊಳಗೆ ಬೀರುವಿನಂಥ ಪುಟ್ಟ ಪೆಟ್ಟಿಗೆ ಇರುತ್ತದೆ. ಊಟ ಮೇಲೆ ಹೋಗುತ್ತದೆ, ಎಂಜಲು ತಟ್ಟೆ ಕೆಳಗೆ ಬರುತ್ತದೆ. ಆ ಪೆಟ್ಟಿಗೆಯ ಹಗ್ಗ, ರಾಟೆ, ಮೋಟರು ನೋಡಿಕೊಳ್ಳುವುದು ಅವನ ಕೆಲಸ. ಮೊದಲ ದಿನವೇ ನರ್ಸಕ್ಕ ಅವನಿಗೆ 'ಲಿಫ್ಟು' ಎಂದು ಹೆಸರಿಟ್ಟಳು. ಅವನು ನಕ್ಕು ಸುಮ್ಮನಾದ. ಸುಮ್ಮನಿರುವವರನ್ನು ನಂಬಬಾರದು ಎಂದು ನನಗೆ ಆಗಲೇ ತಿಳಿಯಬೇಕಿತ್ತು.

ಮೊದಲ ಊಟ ಬಸ್ ನಿಲ್ದಾಣದ ಹಿಂದಿನ ಹೋಟೆಲಿನಲ್ಲಿ. ನಾನು ಮೆನು ಓದಿದೆ, ಮೂರು ತಿನಿಸು ಹೇಳಿದೆ. "ಬಿಟ್ಟ ಸ್ಥಳ?" ಎಂದೆ, ಉತ್ತರ ಗೊತ್ತಿರುವ ಮೇಷ್ಟರ ಹಾಗೆ. ಆಗತಾನೆ ಕೈ ತೊಳೆದು ಬಂದ ಲಿಫ್ಟು ಮೆಲ್ಲಗೆ, "ಭಾವ, ಒಲೇಲಿ ಸುಟ್ಟ ಕುಂಬಳಕಾಯಿ ಇದ್ಯಲ್ಲ, ಅದು ತರಿಸೋಣ್ವಾ?" ಎಂದ.

"ಕುಂಬಳಕಾಯಿನಾ? ಹೊರಗೆ ಬಂದೂ ಕುಂಬಳಕಾಯಿ ತಿನ್ನೋದಾ?" ಎಂದು ನಾನು ನಕ್ಕೆ. ಮೇಷ್ಟ್ರೂ ನಕ್ಕರು.

ಕುಂಬಳಕಾಯಿ ಬಂತು. ಅಂಚು ಕರಿದಾಗಿ, ಒಳಗೆ ಜೇನಿನ ಹಾಗೆ ಕರಗಿ, ಮೇಲೆ ಬೆಳ್ಳುಳ್ಳಿಯ ಹುಡಿ ಉದುರಿಸಿಕೊಂಡು ಬಂತು. ನಾಲ್ಕು ನಿಮಿಷದಲ್ಲಿ ತಟ್ಟೆ ಖಾಲಿ. ನನ್ನ ಕೋಳಿ, ನನ್ನ ಅಣಬೆ, ನನ್ನ ನೂಡಲ್ಸು ಮೂರೂ, ನೋಡಲು ಬಂದ ಗಂಡು ಒಪ್ಪದೆ ಹೋದ ಹೆಣ್ಣುಗಳ ಹಾಗೆ ತಣ್ಣಗೆ ಕೂತಿದ್ದವು.

"ಲಿಫ್ಟೂ, ಇನ್ನೊಂದು ಹೇಳಪ್ಪ!" ಎಂದಳು ನರ್ಸಕ್ಕ. ಹನ್ನೊಂದು ವರ್ಷದಲ್ಲಿ ನನ್ನ ಯಾವ ತಿನಿಸನ್ನೂ ಆಕೆ ಎರಡನೇ ಸಲ ಕೇಳಿರಲಿಲ್ಲ.

ಎರಡನೇ ತಿಂಗಳು ಏಳನೇ ಮಹಡಿಯ ಹೋಟೆಲು. ಕಿಟಕಿಯಿಂದ ಇಡೀ ಊರು ಕಾಣುತ್ತಿತ್ತು, ನನಗೆ ಮಾತ್ರ ಲಿಫ್ಟಿನ ಬೆನ್ನು ಕಾಣುತ್ತಿತ್ತು. ಮತ್ತೆ ಕೈ ತೊಳೆಯಲು ಹೋದ, ಬಂದ, ಮತ್ತೆ ಮೆಲ್ಲಗೆ, "ಬಟಾಣಿ ಸೂಪು?" ಎಂದ. ಬಟಾಣಿ ಸೂಪು! ಜ್ವರ ಬಂದವರು ಕುಡಿಯುವುದು. ನರ್ಸಕ್ಕ ಬಟ್ಟಲನ್ನು ಎತ್ತಿ ಬಾಯಿಗೇ ಹಚ್ಚಿದಳು. ಡ್ರಾಯಿಂಗ್ ಮೇಷ್ಟ್ರು, ಜೀವನದಲ್ಲಿ ಯಾವುದಕ್ಕೂ ಹೌದು ಅಲ್ಲ ಎಂದು ಹೇಳದವರು, "ಈ ಹಸಿರು ನನ್ನ ಡಬ್ಬೀಲಿ ಇಲ್ಲ" ಎಂದು ಕಣ್ಣು ಮುಚ್ಚಿದರು.

ಹೊಟ್ಟೆಕಿಚ್ಚು ಎಂಬ ಪದ ಮಾಡಿದವನು ಖಂಡಿತ ಹೋಟೆಲಿನಲ್ಲಿ ಪಕ್ಕದ ತಟ್ಟೆ ನೋಡುತ್ತಾ ಕೂತಿದ್ದವನು. ತುಂಬಿದ ಹೊಟ್ಟೆಯಲ್ಲೂ ಉರಿಯುವ ಒಲೆ ಅದೊಂದೇ. ಭಾವಮೈದ ಎಂದರೆ ಸಾಕು, ನನಗೆ ಭಾವವೂ ಉರಿಯುತ್ತಿತ್ತು, ಮೈಯೂ ಉರಿಯುತ್ತಿತ್ತು. ಅಂಗಡಿಯಲ್ಲಿ ಗಿರಾಕಿಯ ಕಣ್ಣಿಗೆ ಗಾಜು ಹಾಕಿ, "ಇದು ಸ್ಪಷ್ಟವಾ, ಅದು ಸ್ಪಷ್ಟವಾ?" ಎಂದು ಕೇಳುವಾಗ ಮನಸ್ಸಿನಲ್ಲಿ 'ಕುಂಬಳಕಾಯಿಯಾ, ಸೂಪಾ?' ಎಂದು ಓಡುತ್ತಿತ್ತು. ಒಬ್ಬ ಮುದುಕರಿಗೆ ಎಡಗಣ್ಣಿನ ನಂಬರನ್ನು ಬಲಗಣ್ಣಿಗೆ ಹಾಕಿ ಕಳಿಸಿದೆ. ಅವರು ಮಾರನೇ ದಿನ ಬಂದು, "ಮೆಟ್ಟಿಲು ಎಲ್ಲಾ ನನ್ನ ಮೇಲೇ ಬರ್ತಾವೆ ಕಣಪ್ಪ" ಎಂದರು.

"ಏನ್ರೀ, ಊಟ ಸೇರ್ತಿಲ್ವಾ? ಗ್ಯಾಸಾ?" ಎಂದಳು ಹೆಂಡತಿ.

"ನಿನ್ನ ತಮ್ಮ ಸಣ್ಣವನಿದ್ದಾಗಿಂದ ಹೀಗೇನಾ?"

"ಹೇಗೆ?"

"ಹೀಗೇ... ಬಾಯಿ ರುಚಿ ಜಾಸ್ತಿನಾ ಅಂತ."

ಅವಳು ನನ್ನ ಮುಖವನ್ನು ಒಂದು ಸಲ ಓದಿದಳು. "ಗ್ಯಾಸಲ್ಲ ಬಿಡಿ, ಒಲೇನೇ ಹೊತ್ಕೊಂಡಿದೆ," ಎಂದಳು.

ಮೂರನೇ ತಿಂಗಳು ಈಜುಕೊಳದ ಪಕ್ಕದ ಹೋಟೆಲಿನಲ್ಲಿ ನಾನು ಮೂರು ತಿನಿಸು ಹೇಳಿದವನೇ, ಅವನು ಕೈ ತೊಳೆಯಲು ಎದ್ದ ಕೂಡಲೇ ಹಿಂದೆಯೇ ಹೋದೆ. ಮೆಟ್ಟಿಲ ತಿರುವಿನಲ್ಲಿ ನಿಂತು ಬಗ್ಗಿದೆ. ಕೆಳಗೆ ಪಾತ್ರೆ ತೊಳೆಯುವ ಜಾಗ. ಗೋಡೆಯಲ್ಲಿ ತಟ್ಟೆ ಲಿಫ್ಟಿನ ಬಾಗಿಲು. ಆಗಷ್ಟೇ ಇಳಿದ ಎಂಜಲು ತಟ್ಟೆಗಳನ್ನು ಲಿಫ್ಟು, ಅಂದರೆ ಮನುಷ್ಯ ಲಿಫ್ಟು, ಒಂದೊಂದಾಗಿ ನೋಡುತ್ತಾ ನಿಂತಿದ್ದ. ಪಾತ್ರೆ ತೊಳೆಯುವ ಹೆಂಗಸು, "ಏನಣ್ಣ, ಏನಾದ್ರೂ ಕಳ್ಕೊಂಡ್ರಾ?" ಎಂದಳು.

"ಇಲ್ಲಕ್ಕ. ಮೇಲೆ ಹೋಗೋವಾಗ ಎಲ್ಲಾ ತಟ್ಟೆನೂ ಚೆನ್ನಾಗೇ ಕಾಣ್ಸುತ್ತೆ. ಕೆಳಗೆ ಬರೋ ತಟ್ಟೆ ಸುಳ್ಳು ಹೇಳಲ್ಲ ನೋಡಿ."

ಅವಳು ನಕ್ಕಳು. ಇಷ್ಟೇನಾ ಗುಟ್ಟು! ನಾನು ಹನ್ನೊಂದು ವರ್ಷದಿಂದ ಮೆನುವಿನ ಅಕ್ಷರ ಓದುತ್ತಿದ್ದರೆ ಇವನು ಮೂರು ತಿಂಗಳಿಂದ ಊರಿನ ಎಂಜಲು ಓದುತ್ತಿದ್ದ.

ಆ ದಿನ ಅವನು ತುಂಬಿದ ಬಿಟ್ಟ ಸ್ಥಳ ಹುರಿದ ಆಲೂಗಡ್ಡೆ. ಹೆಚ್ಚು ಹೇಳುವುದಿಲ್ಲ, ಈಗಲೂ ಉರಿಯುತ್ತದೆ. ಊಟ ಮುಗಿದಾಗ ಟಣ್ ಎಂದು ಒಂದು ಸದ್ದಾಯಿತು. ನರ್ಸಕ್ಕನ ಚಮಚ ಬೋರಲು ಬಿದ್ದಿತ್ತು.

"ಕನ್ನಡಕ, ಬೇಜಾರು ಮಾಡ್ಕೋಬೇಡಿ. ನೀವು ಹೇಳಿದ್ದು ನೋಡೋಕೆ ಊಟ, ಇವ್ನು ಹೇಳಿದ್ದು ತಿನ್ನೋಕೆ ಊಟ," ಎಂದಳು. "ಮುಂದಿನ ತಿಂಗಳು ಇನ್ನೊಂದು ಚಾನ್ಸು. ಆವತ್ತು ಎರಡು ಚಮಚ ಬೋರಲು ಬಿದ್ರೆ ಮೆನು ಲಿಫ್ಟಿಗೆ. ಏನ್ ಮೇಷ್ಟ್ರೇ?"

ಮೇಷ್ಟ್ರು ತಮ್ಮ ಚಮಚವನ್ನು ಗಾಳಿಯಲ್ಲಿ ಹಿಡಿದು ಅದರಲ್ಲಿ ತಮ್ಮದೇ ಮುಖ ನೋಡಿಕೊಳ್ಳುತ್ತಿದ್ದರು. ಕೊನೆಗೆ ಅಂಗಾತ ಇಟ್ಟರು. ಲಿಫ್ಟೂ ಅಂಗಾತವೇ ಇಟ್ಟ. ಆ ತಿಂಗಳಿಗೆ ಮಾನ ಉಳಿಯಿತು.

ನಾಲ್ಕನೇ ಊಟಕ್ಕೆ ನಾನು ತಟ್ಟೆ ಲಿಫ್ಟು ಇರುವ ಹೋಟೆಲನ್ನೇ ಹುಡುಕಿ ಆರಿಸಿದೆ. ಅಡುಗೆಮನೆ ನೆಲಮಾಳಿಗೆಯಲ್ಲಿ, ಊಟ ಎರಡನೇ ಮಹಡಿಯಲ್ಲಿ. ಮನೆಯಿಂದ ಅರ್ಧ ಗಂಟೆ ಮುಂಚೆ ಹೊರಟೆ. ಗ್ರಂಥಾಲಯದ ಭಾನುವಾರದ ಡ್ಯೂಟಿಗೆ ತಲೆ ಬಾಚುತ್ತಿದ್ದ ಹೆಂಡತಿ, "ಇಷ್ಟು ಬೇಗ ಎಲ್ಲಿಗ್ರೀ?" ಎಂದಳು.

"ನಾನೇನೂ ಅಡುಗೆಮನೆಗೆ ಹೋಗ್ತಿಲ್ಲಪ್ಪ!"

"ಅಡುಗೆಮನೆ ಅಂತ ಯಾರು ಕೇಳಿದ್ರು? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ."

"ಕುಂಬಳಕಾಯಿ ಹೆಸರು ಎತ್ತಬೇಡ," ಎಂದು ಬಾಗಿಲು ಎಳೆದುಕೊಂಡೆ.

ನೆಲಮಾಳಿಗೆಯ ಮೆಟ್ಟಿಲು ಒದ್ದೆಯಾಗಿತ್ತು. ಪಾತ್ರೆ ತೊಳೆಯುವಾಕೆ ತೊಟ್ಟಿಯ ಕಡೆ ಮುಖ ಮಾಡಿ ಬೆನ್ನು ತಿರುಗಿಸಿ ನಿಂತಿದ್ದಳು. ನನ್ನ ಪುಣ್ಯ. ಕಲ್ಲಿನ ಕಟ್ಟೆಯ ಮೇಲೆ ಎರಡು ರಾಶಿ ತಟ್ಟೆ. ಒಂದು ರಾಶಿಯಲ್ಲಿ ಎಲುಬು, ಎಣ್ಣೆ, ಬ್ರೆಡ್ಡಿನಿಂದ ಒರೆಸಿದ ಗೀರು, ನಿಂಬೆ ಸಿಪ್ಪೆ, ಒಟ್ಟಿನಲ್ಲಿ ಗಲೀಜು. ಇನ್ನೊಂದು ರಾಶಿಯಲ್ಲಿ ಎಂಟು ತಟ್ಟೆ. ಆಹಾ, ಕನ್ನಡಿಯ ಹಾಗೆ ಸ್ವಚ್ಛ! ಅಂಚಿನಲ್ಲಿ ಮಾತ್ರ ಕಿತ್ತಳೆ ಬಣ್ಣದ ಒಂದು ಗೆರೆ. ಎಂಟಕ್ಕೆ ಎಂಟೂ ಒಂದು ಅಗುಳೂ ಬಿಡದೆ ಬಳಿದು ತಿಂದದ್ದು. ಮೇಲೆ ಹೋಗಿ ಮೆನು ತೆರೆದು ಹುಡುಕಿದೆ. ಕಿತ್ತಳೆ ಬಣ್ಣದ್ದು ಅದರಲ್ಲಿ ಒಂದೇ ಒಂದು ಇತ್ತು: 'ಕಿತ್ತಳೆ ರಸದಲ್ಲಿ ಬೇಯಿಸಿದ ಮೀನು'.

ಮೂವರೂ ಬಂದು ಕೂತರು. ಆ ದಿನ ನಾನು ಮೆನು ಓದಿದ ಹಾಗೆ ಹಿಂದೆಂದೂ ಓದಿರಲಿಲ್ಲ. ಸೂಪುಗಳನ್ನು ಪಿಸುಗುಟ್ಟಿದೆ, ಕೋಳಿಗಳನ್ನು ಮೆರೆಸಿದೆ, ಮೀನಿನ ಸಾಲು ಬಂದಾಗ ಒಂದು ಗುಟುಕು ನೀರು ಕುಡಿದು ಅಕ್ಷರ ಅಕ್ಷರ ಬಿಡಿಸಿ ಓದಿದೆ. ಲಿಫ್ಟು ಗಲ್ಲಕ್ಕೆ ಕೈ ಕೊಟ್ಟು ಕೇಳಿದ. ಓದು ಮುಗಿದ ಮೇಲೆ ಕೈ ತೊಳೆಯಲು ಎದ್ದ. ಹೋಗು ಮಗನೇ, ಎಂದುಕೊಂಡೆ, ಇವತ್ತು ನಿನಗಿಂತ ಮೊದಲು ನಾನು ಓದಿ ಬಂದಿದ್ದೇನೆ.

ಅವನು ವಾಪಸ್ ಬರುವಷ್ಟರಲ್ಲಿ ನಾನು ಹೇಳಿಯಾಗಿತ್ತು. ನಾಲ್ಕೂ ಅದೇ. ಬಿಟ್ಟ ಸ್ಥಳವನ್ನೂ ಬಿಡದೆ ನಾಲ್ಕು ತಟ್ಟೆ ಕಿತ್ತಳೆ ಮೀನು, ಜೊತೆಗೆ ಬುಟ್ಟಿ ಬ್ರೆಡ್ಡು.

"ನಾಲ್ಕೂ... ಮೀನೇನಾ ಭಾವ?" ಅವನ ಮುಖ ಸ್ವಲ್ಪ ಬಿಳಿಚಿತು. "ಒಂದು ಅಣಬೆ ಹೇಳ್ಬೋದಿತ್ತೇನೋ. ಇನ್ನೂ ಟೈಮಿದೆ, ನಾನು ಹೋಗಿ..."

"ಕೂತ್ಕೋ. ಹೊಟ್ಟೆ ಉರ್ಕೋಬೇಡ," ಎಂದೆ. ಕಳ್ಳನೇ 'ಕಳ್ಳ, ಕಳ್ಳ' ಎಂದು ಕೂಗುವುದು ಎಂದರೆ ಇದೇ.

ಮೀನು ಬಂತು. ಮೇಲೆ ಹೋಗುವ ತಟ್ಟೆ ಚೆನ್ನಾಗೇ ಕಾಣುತ್ತದೆ, ಇದೂ ಕಂಡಿತು. ನರ್ಸಕ್ಕ ಮೊದಲ ತುತ್ತು ಬಾಯಿಗಿಟ್ಟು ಅಗಿಯುವುದನ್ನು ನಿಲ್ಲಿಸಿದಳು.

"ಕನ್ನಡಕ, ಇದು ಮೀನಾ, ಕೆಮ್ಮಿನ ಸಿರಪ್ಪಾ? ನಮ್ಮ ವಾರ್ಡಲ್ಲಿ ಮಕ್ಳಿಗೆ ಕೊಡೋದು ಇದೇ ಬಣ್ಣ, ಇದೇ ವಾಸ್ನೆ. ಅವೂ ಉಗೀತಾವೆ."

"ಬಣ್ಣ... ಬಣ್ಣ ಚೆನ್ನಾಗಿದೆ," ಎಂದರು ಮೇಷ್ಟ್ರು, ನೀರಿನ ಲೋಟಕ್ಕೆ ತಡಕಾಡುತ್ತಾ.

"ಹಂಗಾದ್ರೆ ಗೋಡೆಗೆ ಹೊಡೀರಿ."

ನಾನೂ ಬಾಯಿಗಿಟ್ಟೆ. ಸಿಹಿ ಒಂದು ಕಡೆ ಓಡಿತು, ಮೀನು ಇನ್ನೊಂದು ಕಡೆ ಓಡಿತು, ನಡುವೆ ನನ್ನ ನಾಲಗೆ ವಿಚ್ಛೇದನದ ಕೋರ್ಟಿನಲ್ಲಿ ಕೂತ ಮಗುವಿನ ಹಾಗೆ ಅತ್ತ ಇತ್ತ ನೋಡಿತು. ಮಾನಕ್ಕಾಗಿ ಮೂರು ತುತ್ತು ನುಂಗಿದೆ. ಉಳಿದದ್ದನ್ನು ಬ್ರೆಡ್ಡಿನ ಕೆಳಗೆ ಮುಚ್ಚಿದೆ.

ಲಿಫ್ಟು ಮಾತ್ರ ತಿನ್ನುತ್ತಿದ್ದ. ತಲೆ ತಗ್ಗಿಸಿ, ಒಂದೇ ಸಮನೆ, ಸ್ಕ್ರೂ ತಿರುಗಿಸುವವನ ಹಾಗೆ. ಮೀನು ಮುಗಿಸಿದ. ಬ್ರೆಡ್ಡಿನ ತುಂಡಿನಿಂದ ರಸವನ್ನು ಒರೆಸಿ ಒರೆಸಿ ತಿಂದ. ತಟ್ಟೆ ಬೋಳಾಯಿತು. "ಚೆನ್ನಾಗಿದೆ ಭಾವ," ಎಂದು ಚಮಚವನ್ನು ಅಂಗಾತ ಇಟ್ಟ.

ಟಣ್. ನರ್ಸಕ್ಕನದು ಬೋರಲು.

ಉಳಿದದ್ದು ಮೇಷ್ಟ್ರದು. ಅವರು ತಮ್ಮ ತುಂಬಿದ ತಟ್ಟೆ ನೋಡಿದರು, ಲಿಫ್ಟಿನ ಖಾಲಿ ತಟ್ಟೆ ನೋಡಿದರು. ಮೂರು ತಿಂಗಳಲ್ಲಿ ಒಮ್ಮೆಯೂ ತಪ್ಪದ ನಾಲಗೆ ಚೆನ್ನಾಗಿದೆ ಎನ್ನುವಾಗ ತಪ್ಪು ತಮ್ಮ ನಾಲಗೆಯದೇ ಇರಬೇಕು ಎಂದುಕೊಂಡರೋ ಏನೋ. "ಬಣ್ಣಕ್ಕೆ," ಎಂದು ಅಂಗಾತ ಇಟ್ಟರು.

ನಾನು ಗೆದ್ದೆ. ಮೆನು ನನ್ನ ಕೈಯಲ್ಲೇ ಉಳಿಯಿತು. ಆದರೆ ಗೆದ್ದ ಖುಷಿ ಆ ಮೀನಿನ ಹಾಗೆಯೇ ಗಂಟಲಲ್ಲಿ ನಿಂತಿತು. ನರ್ಸಕ್ಕ, ಮೇಷ್ಟ್ರು ಮುಂದೆ ಹೋದ ಮೇಲೆ ಮೆಟ್ಟಿಲಲ್ಲಿ ಅವನನ್ನು ಹಿಡಿದು ನಿಲ್ಲಿಸಿದೆ.

"ನಿಜ ಹೇಳು. ಹೇಗಿತ್ತು?"

"ಚೆನ್ನಾಗಿತ್ತು ಭಾವ."

"ಕೆಳಗೆ ಎಂಟು ತಟ್ಟೆ ಫಳಫಳ ಅಂತಿತ್ತು. ನಾನೇ ನೋಡ್ಕೊಂಡು ಬಂದೆ. ಇಡೀ ಊರು ನೆಕ್ಕಿ ತಿಂದಿದ್ದು ನಮಗ್ಯಾಕೆ ಸೇರ್ಲಿಲ್ಲ?"

ಅವನು ನಗು ಬಂದರೂ ನುಂಗಿಕೊಂಡ. ಇವತ್ತು ನುಂಗುವುದರಲ್ಲಿ ಅವನಿಗೆ ಅಭ್ಯಾಸವಾಗಿತ್ತು.

"ನೆಕ್ಕಿದ್ದಲ್ಲ ಭಾವ, ಕೆರೆದಿದ್ದು. ತುಂಬಾ ಉಳಿಸಿದ ತಟ್ಟೆಗಳನ್ನ ಆ ಅಕ್ಕ ಮೊದ್ಲು ಕೆರೆದು ಬಕೆಟ್ಟಿಗೆ ಹಾಕಿ ಬೇರೆ ಜೋಡಿಸಿಡ್ತಾಳೆ, ತೊಳೆಯೋಕೆ ಸುಲಭ ಅಂತ. ಎಲ್ಲಾ ಕಡೆ ಹಂಗೇನೇ. ಜನ ಇಷ್ಟಪಟ್ಟು ತಿಂದ ತಟ್ಟೆ ಗಲೀಜಾಗಿರುತ್ತೆ. ಎಲುಬು ಚೀಪಿರ್ತಾರೆ, ಬ್ರೆಡ್ಡಲ್ಲಿ ಒರೆಸಿರ್ತಾರೆ. ಆ ಅಣಬೆ ತಟ್ಟೆ ನೋಡ್ಬೇಕಿತ್ತು ನೀವು."

ಕನ್ನಡಕದ ಅಂಗಡಿ ಇಟ್ಟವನಿಗೆ ಇದಕ್ಕಿಂತ ಬೇರೆ ಪೆಟ್ಟು ಬೇಕೇ? ಎಂಟು ಮೇಜಿನವರು ಮುಟ್ಟದೆ ಬಿಟ್ಟದ್ದನ್ನು ನಾನು ಆಯ್ದು, ನಾಲ್ಕು ತಟ್ಟೆ ತರಿಸಿದ್ದೆ.

"ಮತ್ತೆ ನೀನ್ಯಾಕೆ ತಿಂದೆ?"

"ಬಸ್ಸು ಬಂತು ಭಾವ," ಎಂದು ಅವನು ಓಡಿದ.

ಸಂಜೆ ಐದಕ್ಕೆ ಹೆಂಡತಿಗೆ ಫೋನು ಬಂತು. ಮಾತಾಡಿ ಇಟ್ಟು ನನ್ನ ಕಡೆ ತಿರುಗಿದಳು. "ಅವನಿಗೆ ಹೊಟ್ಟೆ ಕೆಟ್ಟಿದ್ಯಂತೆ. ಏನ್ ತಿನ್ನಿಸಿದ್ರಿ ನನ್ನ ತಮ್ಮಂಗೆ?"

ನಾಲ್ಕು ತಿಂಗಳು ಅವನಿಂದ ನನ್ನ ಹೊಟ್ಟೆ ಉರಿದಿತ್ತು. ಇವತ್ತು ನನ್ನಿಂದ ಅವನದು. ಮಾತ್ರೆಯ ಪಟ್ಟಿ ಜೇಬಿಗೆ ಹಾಕಿಕೊಂಡು ಹೊರಟೆ. ಬಸ್ಸಿನಲ್ಲಿ ಉದ್ದಕ್ಕೂ ಒಂದೇ ವಾಕ್ಯ ಅಭ್ಯಾಸ ಮಾಡಿದೆ: ಮುಂದಿನ ತಿಂಗಳಿಂದ ಮೆನು ನೀನೇ ಹಿಡಿ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಎಳೆಯಬೇಕು, ಎಲ್ಲವನ್ನೂ ನೋಡಿಕೊಂಡೆ.

ಅವನ ರೂಮು ಮೂರನೇ ಮಹಡಿಯಲ್ಲಿ. ವಿಪರ್ಯಾಸ ನೋಡಿ, ಆ ಕಟ್ಟಡಕ್ಕೆ ಲಿಫ್ಟಿಲ್ಲ. ಒಂದು ಮಂಚ, ಒಂದು ಕುರ್ಚಿ, ಗೋಡೆಗೆ ತೂಗುಹಾಕಿದ ರಾಟೆಗಳು, ಮೂಲೆಯಲ್ಲಿ ಒಂದು ನಲ್ಲಿ, ತೊಟ್ಟಿ, ಪಕ್ಕದಲ್ಲಿ ಒಂದೇ ಬತ್ತಿಯ ಸ್ಟವ್ವು. ಅದರ ಮೇಲೆ ಗಂಜಿ ಕುದಿಯುತ್ತಿತ್ತು. ಅವನು ಮಂಚದಲ್ಲಿ ಹೊಟ್ಟೆ ಹಿಡಿದುಕೊಂಡು ಎದ್ದು ಕೂತ.

"ಬನ್ನಿ ಭಾವ. ನೀವ್ಯಾಕೆ ಬರೋಕೆ ಹೋದ್ರಿ?"

"ಮೊದ್ಲು ಇದನ್ನ ಹೇಳು. ಗೊತ್ತಿದ್ದೂ ಯಾಕೆ ತಿಂದೆ?"

ನಾನು ಕೊಟ್ಟ ಮಾತ್ರೆ ನುಂಗಿ ನೀರು ಕುಡಿದ. "ಎರಡು ಚಮಚ ಬೋರಲು ಬಿದ್ರೆ ಮೆನು ನನಗೆ ಬರ್ತಿತ್ತಲ್ಲ. ನಂಗೆ ಓದೋಕೆ ಬರಲ್ಲ ಭಾವ. ಅಕ್ಷರ ಬರುತ್ತೆ, ನಿಮ್ಮ ಥರ ಬರಲ್ಲ. ವಾರ ಪೂರ್ತಿ ಗೋಡೆ ಒಳಗೆ ತಲೆ ಹಾಕ್ಕೊಂಡು ಒಬ್ನೇ ಇರ್ತೀನಿ. ತಿಂಗಳಿಗೊಂದಿನ ನೀವು 'ಬೆ...ಣ್ಣೆ' ಅಂತೀರಲ್ಲ, ಆಗ ಬಾಯಲ್ಲಿ ನೀರು ಬರುತ್ತೆ. ನರ್ಸಕ್ಕ ಅಷ್ಟು ಜೋರು, ಅವ್ರೂ ಕಣ್ಣು ಮುಚ್ಚಿ ಕೇಳ್ತಾರೆ. ನಾನು ಬಾಯಿ ತೆಗೆದ್ರೆ ಯಾರು ಕಣ್ಣು ಮುಚ್ತಾರೆ?" ಲೋಟ ಕೆಳಗಿಟ್ಟ. "ನಿಜ ಹೇಳ್ಬೇಕು ಅಂದ್ರೆ, ನಂಗೆ ಸ್ವಲ್ಪ ಹೊಟ್ಟೆಕಿಚ್ಚು."

ಇಂಥ ಸಿಹಿ ಮಾತನ್ನು ನಾನು ಈ ವರ್ಷ ಕೇಳಿರಲಿಲ್ಲ. ನನ್ನ ಮೇಲೂ ಒಬ್ಬನಿಗೆ ಹೊಟ್ಟೆಕಿಚ್ಚು! ಬಸ್ಸಿನಲ್ಲಿ ಅಭ್ಯಾಸ ಮಾಡಿದ ವಾಕ್ಯ ನಾಲಗೆಯ ತುದಿಗೆ ಬಂತು. ಅಷ್ಟರಲ್ಲಿ ಅವನು ಎದ್ದು ಎರಡು ತಟ್ಟೆಗೆ ಗಂಜಿ ಬಡಿಸಿ ಮತ್ತೆ ಮಂಚದಲ್ಲಿ ಕೂತ. "ಒಂಚೂರು ನೀವೂ ತಗೊಳ್ಳಿ, ಮಧ್ಯಾಹ್ನ ಏನೂ ತಿಂದಿಲ್ಲ ನೀವು. ಬ್ರೆಡ್ಡಿನ ಕೆಳಗೆ ನೋಡ್ದೆ."

ಗಂಜಿ ಅಂದರೆ ಏನು? ಅಕ್ಕಿ, ನೀರು, ಉಪ್ಪು. ಮೆನುವಿನಲ್ಲಿ ಒಂದು ಸಾಲಿಗೂ ಬಾರದ್ದು. ಒಂದು ಚಮಚ ಬಾಯಿಗಿಟ್ಟೆ. ಆಮೇಲೆ ತಲೆ ಎತ್ತಲಿಲ್ಲ. ಅಕ್ಕಿಯನ್ನು ಸ್ವಲ್ಪ ಹುರಿದಿದ್ದನೋ, ಉಪ್ಪನ್ನು ಯಾವಾಗ ಹಾಕಿದ್ದನೋ, ಆ ಹಾಳು ಒಂದು ಬತ್ತಿಯ ಸ್ಟವ್ವಿನಲ್ಲಿ ಏನು ಮಂತ್ರ ಹಾಕಿದ್ದನೋ. ಹೊಟ್ಟೆ ಕೆಟ್ಟವನು, ನಿಲ್ಲಲಾಗದೆ ಗೋಡೆ ಹಿಡಿದುಕೊಂಡು ಮಾಡಿದ ಗಂಜಿ ಇದು. ತಟ್ಟೆ ಎತ್ತಿ ಕೊನೆಯ ಗುಟುಕನ್ನೂ ಕುಡಿದೆ. ಅಂಚಿನಲ್ಲಿ ಉಳಿದದ್ದನ್ನು ಬೆರಳಿನಿಂದ ಬಳಿದು, ಆ ಬೆರಳನ್ನೂ ಬಿಡಲಿಲ್ಲ.

ಆಮೇಲೆ ಒಳಗೆ ಹಳೆಯ ಒಲೆ ಭಗ್ ಎಂದು ಹತ್ತಿಕೊಂಡಿತು. ಬಸ್ಸಿನ ವಾಕ್ಯ ಅದರಲ್ಲಿ ಅರ್ಧ ಸುಟ್ಟುಹೋಯಿತು.

"ನೋಡು," ಎಂದೆ, "ಮುಂದಿನ ತಿಂಗಳಿಂದ... ಓದೋದು ನಾನೇ. ಬೆರಳಿಟ್ಟು ಆರಿಸೋದು ನೀನು. ನಾಲ್ಕಕ್ಕೂ."

"ಆಗ್ಲಿ ಭಾವ." ಅವನ ಮುಖ ಅರಳಿತು. ಮಂಚದಿಂದ ಕೈ ಚಾಚಿದ. "ಗಂಜಿ ಹೇಗಿತ್ತು?"

"ಪರವಾಗಿಲ್ಲ."

"ತಟ್ಟೆ ಕೊಡಿ ಇಲ್ಲಿ, ನೋಡೋಣ."

"ಇರ್ಲಿ, ಇರ್ಲಿ. ನೀನು ಮಲಕ್ಕೋ," ಎಂದು ಎದ್ದು, ಅವನ ಕಡೆ ಬೆನ್ನು ಮಾಡಿ, ತಟ್ಟೆಯನ್ನು ತೊಟ್ಟಿಗೆ ಹಿಡಿದು ನಲ್ಲಿಯನ್ನು ಪೂರ್ತಿ ತಿರುಗಿಸಿದೆ.